ಹೋಗೋಕೆ 10 ಗಂಟೆ, ಬರೋಕೆ 12 ಗಂಟೆ, ದೂರ ಒಂದೇ ಅಲ್ವಾ?

ಪ್ರಶ್ನೆ: ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ನಾನ್‌ಸ್ಟಾಪ್ ಫ್ಲೈಟ್ ಹುಡುಕ್ತಿದ್ದೆ. ಡಿಸೆಂಬರ್‌ನಲ್ಲಿ ಹೋಗೋಕೆ 10 ಗಂಟೆ, ವಾಪಸ್ ಬರೋಕೆ 12 ಗಂಟೆ ಅಂತ ತೋರಿಸ್ತಿದೆ, ಯಾಕೆ ಹೀಗೆ? ಅದೂ ಅಲ್ದೆ ಸಂಜೆ 5ಕ್ಕೆ ಹೊರಟ್ರೆ ಅದೇ ದಿನ ಬೆಳಗ್ಗೆ 10ಕ್ಕೆ ಇಳೀತೀವಂತೆ, ಟೈಮ್ ತಪ್ಪಾಗಿ ಹಾಕಿದಾರಾ?

ಉತ್ತರ: ತಪ್ಪೇನಿಲ್ಲ, ಎರಡೂ ಸರಿಯಾಗೇ ಇದೆ. ದೂರ ಎರಡೂ ಕಡೆಗೂ ಸುಮಾರು 8,800 ಕಿ.ಮೀ., ಆದ್ರೆ ವಿಮಾನ ಹಾರೋದು ಗಾಳಿಯೊಳಗೆ, ಆ ಗಾಳಿನೇ ಸುಮ್ನೆ ನಿಂತಿರಲ್ಲ. ಹರಿಯೋ ಹೊಳೇಲಿ ಈಜಿದೋರಿಗೆ ಇದು ಥಟ್ ಅಂತ ಅರ್ಥ ಆಗತ್ತೆ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿ ಬೀಸತ್ತೆ, ಚಳಿಗಾಲದಲ್ಲಿ ಜಪಾನ್ ಮೇಲೆ ಇದರ ಜೋರು ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟತ್ತೆ. ಇದನ್ನ ಮೊದಲು ಅಳೆದೋರಲ್ಲಿ ಒಬ್ರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಇಶಿ, 1920ರ ದಶಕದಲ್ಲೇ ಬಲೂನ್ ಹಾರಿಸಿ ಲೆಕ್ಕ ಹಾಕಿದ್ರು, ಆದ್ರೆ ವರದಿ ಬರೆದಿದ್ದು ಎಸ್ಪೆರಾಂಟೋ ಅನ್ನೋ, ಕೆಲವೇ ಜನಕ್ಕೆ ಗೊತ್ತಿರೋ ಕೃತಕ ಭಾಷೇಲಿ, ಹಾಗಾಗಿ ಹೊರಗಿನೋರು ಹೆಚ್ಚಾಗಿ ಓದಲೇ ಇಲ್ಲ, ಎಂಥಾ ಕೆಲಸ ಹಂಗೇ ಮೂಲೇಲಿ ಉಳೀತಲ್ಲ ಅಂತ ನಂಗೆ ಇವತ್ತಿಗೂ ಬೇಜಾರಾಗತ್ತೆ.

ಈಗ ಲೆಕ್ಕ ನೋಡಿ. ವಿಮಾನದ ಸ್ಪೀಡ್ ಗಂಟೆಗೆ 900 ಅಂದ್ಕೊಳ್ಳಿ, ಗಾಳಿ ದಾರಿಯುದ್ದಕ್ಕೂ ಸರಾಸರಿ 100. ಲಾಸ್ ಏಂಜಲೀಸ್‌ಗೆ, ಅಂದ್ರೆ ಪೂರ್ವಕ್ಕೆ ಹೋಗೋವಾಗ ಕೂಡಿಸಿ 1,000, ಅಂದ್ರೆ 8.8 ಗಂಟೆ. ಬರೋವಾಗ ಕಳೆದು 800, ಅಂದ್ರೆ 11 ಗಂಟೆ. ಇದರ ಮೇಲೆ ರನ್‌ವೇವರೆಗೆ ಹೋಗೋದು, ಮೇಲೇರೋದು, ಇಳಿಯೋದು ಎಲ್ಲಾ ಸೇರಿಸಿದ್ರೆ ನಿಮಗೆ ತೋರಿಸ್ತಿರೋ ಟೈಮೇ ಬರತ್ತೆ. ಬರೋವಾಗ ಗಾಳಿ ತಪ್ಪಿಸೋಕೆ ಇನ್ನೂ ಉತ್ತರಕ್ಕೆ ಸುತ್ತಿಕೊಂಡು ಬರೋದೂ ಉಂಟು, ಕಿ.ಮೀ. ಜಾಸ್ತಿ ಆದ್ರೂ ಟೈಮ್ ಉಳಿಯತ್ತೆ.

ಸೀಟಿನ ಮುಂದಿರೋ ಮ್ಯಾಪಲ್ಲಿ ದಾರಿ ಬಿಲ್ಲಿನ ಥರ ಉತ್ತರಕ್ಕೆ ಬಾಗಿದ್ರೂ ಸುತ್ತಾಡಿಸ್ತಿದಾರೆ ಅಂದ್ಕೋಬೇಡಿ. ಭೂಮಿ ದುಂಡಗಿರೋದ್ರಿಂದ ಹತ್ತಿರದ ದಾರಿ ಅದೇ, ಮ್ಯಾಪಲ್ಲಿ ನೇರವಾಗಿ ಕಾಣೋ 35ನೇ ಅಕ್ಷಾಂಶ ಹಿಡ್ಕೊಂಡು ಹೋದ್ರೆ ಸುಮಾರು 500 ಕಿ.ಮೀ. ಹೆಚ್ಚಾಗತ್ತೆ.

ಇನ್ನು ದಿನದ ವಿಷ್ಯ. ಚಳಿಗಾಲದಲ್ಲಿ ಲಾಸ್ ಏಂಜಲೀಸ್ ಟೋಕಿಯೋಗಿಂತ 17 ಗಂಟೆ ಹಿಂದೆ, ಬೇಸಿಗೆಲಿ 16. ಸಂಜೆ 5ಕ್ಕೆ ಹೊರಟು 10 ಗಂಟೆ ಹಾರಿದ್ರೆ ಟೋಕಿಯೋಲಿ ರಾತ್ರಿ 3 ಆಗಿರತ್ತೆ, ಅದ್ರಲ್ಲಿ 17 ಕಳೀರಿ, ಅದೇ ದಿನ ಬೆಳಗ್ಗೆ 10. ವಾಪಸ್ ಬರೋವಾಗ ಇದು ಉಲ್ಟಾ, ಸೋಮವಾರ ಮಧ್ಯಾಹ್ನ 12ಕ್ಕೆ ಹೊರಟ್ರೆ ಟೋಕಿಯೋ ಮುಟ್ಟೋದು ಮಂಗಳವಾರ ಸಂಜೆ 5ಕ್ಕೆ. ಹಾಗಾಗಿ ಟೋಕಿಯೋಲಿ ಹೋಟೆಲ್ ಬುಕ್ ಮಾಡೋದಿದ್ರೆ ಹೊರಡೋ ತಾರೀಕಿಗಲ್ಲ, ಟಿಕೆಟ್‌ನಲ್ಲಿ ತಲುಪೋ ತಾರೀಕು ನೋಡಿ ಅದಕ್ಕೇ ಮಾಡಿ.