ಗಣಕ ಪ್ರಶ್ನೋತ್ತರ: ಆಂಟಿವೈರಸ್ ಹೋಯಿತು, ಎರರ್ ಉಳಿಯಿತು

ಪ್ರಶ್ನೆ: ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಕಂಪ್ಯೂಟರ್ ಕೊಂಡಾಗ ಹಾಕಿಕೊಟ್ಟಿದ್ದ ಆಂಟಿವೈರಸ್‌ನ ಅವಧಿ ಮುಗಿದು, ಹಣ ಕಟ್ಟಿ ನವೀಕರಿಸಿ ಎಂದು ದಿನವೂ ಕಾಡುತ್ತಿತ್ತು. ಬೇಸತ್ತು ಪ್ರೋಗ್ರಾಂ ಫೈಲ್ಸ್ ಒಳಗಿದ್ದ ಅದರ ಫೋಲ್ಡರನ್ನೇ ಅಳಿಸಿದೆ; ಕೆಲವು ಫೈಲುಗಳು ಏನು ಮಾಡಿದರೂ ಅಳಿಯಲಿಲ್ಲ. ಅಂದಿನಿಂದ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ‘ರನ್‌ಡಿಎಲ್‌ಎಲ್’ ಎಂಬ ಪೆಟ್ಟಿಗೆ ಮೂಡಿ ‘ದ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್’ ಎನ್ನುತ್ತದೆ. ಓಕೆ ಒತ್ತಿದರೆ ಉಳಿದೆಲ್ಲ ಕೆಲಸ ನಡೆಯುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದರ ಹೆಸರು ಇನ್ನೂ ಇದೆ, ಆದರೆ ಅನ್‌ಇನ್‌ಸ್ಟಾಲ್ ಒತ್ತಿದರೆ ಏನೂ ಆಗುವುದಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ನುಡಿ ತಂತ್ರಾಂಶದಲ್ಲಿ ಮಾಡಿದ ಎಷ್ಟೋ ವರ್ಷಗಳ ಕೆಲಸ ಇದರಲ್ಲಿದೆ. ಏನು ಮಾಡಲಿ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನಮ್ಮ ಊರುಗಳ ರಿಪೇರಿ ಅಂಗಡಿಗಳಲ್ಲಿ ನೆಗಡಿಗೂ ಫಾರ್ಮ್ಯಾಟ್, ಜ್ವರಕ್ಕೂ ಫಾರ್ಮ್ಯಾಟ್ ಎನ್ನುವ ರೂಢಿ ಬೆಳೆದುಬಿಟ್ಟಿದೆ. ಅವರಿಗೆ ಅದು ಒಂದು ಗಂಟೆಯ ಕೆಲಸ, ನಿಮಗೆ ಫಾಂಟು, ಪ್ರಿಂಟರ್ ಡ್ರೈವರ್, ಹಳೆಯ ಕಡತಗಳನ್ನೆಲ್ಲ ಮತ್ತೆ ಹೊಂದಿಸಿಕೊಳ್ಳುವ ಒಂದು ವಾರದ ಕೆಲಸ. ನಿಮ್ಮ ಕಂಪ್ಯೂಟರಿಗೆ ಆಗಿರುವುದು ಅಷ್ಟು ದೊಡ್ಡದಲ್ಲ.

ವಿಂಡೋಸ್ ಆರಂಭವಾದ ಮೇಲೆ ಯಾವ ಯಾವ ಪ್ರೋಗ್ರಾಂಗಳನ್ನು ತಾನೇ ಚಾಲೂ ಮಾಡಬೇಕೆಂಬ ಪಟ್ಟಿಯನ್ನು ರಿಜಿಸ್ಟ್ರಿ ಎಂಬ ತನ್ನ ದಾಖಲೆ ಪುಸ್ತಕದಲ್ಲೂ, ನಿಗದಿತ ಕೆಲಸಗಳನ್ನು ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲೂ ಬರೆದಿಟ್ಟುಕೊಂಡಿರುತ್ತದೆ. ನೀವು ಅಳಿಸಿದ್ದು ಫೈಲನ್ನು ಮಾತ್ರ; ಪಟ್ಟಿಯಲ್ಲಿ ಅದರ ಹೆಸರು ಹಾಗೆಯೇ ಉಳಿದಿದೆ. ಊರು ಬಿಟ್ಟು ಹೋದವರ ಹೆಸರಿಗೆ ಅಂಚೆಯವರು ದಿನವೂ ಕಾಗದ ತಂದು, ಬಾಗಿಲು ಬಡಿದು, ಮನೆಯಲ್ಲಿ ಯಾರೂ ಇಲ್ಲವೆಂದು ಷರಾ ಬರೆದು ಹೋದ ಹಾಗೆ, ವಿಂಡೋಸ್ ಪ್ರತಿ ಬಾರಿಯೂ ಆ ಫೈಲನ್ನು ಕರೆದು, ಸಿಗಲಿಲ್ಲವೆಂದು ನಿಮಗೆ ವರದಿ ಒಪ್ಪಿಸುತ್ತಿದೆ. ಅದು ವೈರಸ್ಸೂ ಅಲ್ಲ, ಹಾರ್ಡ್‌ಡಿಸ್ಕ್ ಕೆಟ್ಟ ಸೂಚನೆಯೂ ಅಲ್ಲ. ಆದರೂ ಓಕೆ ಒತ್ತುವ ಮುನ್ನ ಒಂದು ಸಲ ಆ ಪೆಟ್ಟಿಗೆಯಲ್ಲಿರುವ ಫೈಲಿನ ವಿಳಾಸವನ್ನು ಕಾಗದದ ಮೇಲೆ ಬರೆದುಕೊಳ್ಳಿ. ನೀವು ಅಳಿಸಿದ ಫೋಲ್ಡರಿನ ಹೆಸರೇ ಅದರಲ್ಲಿದ್ದರೆ ಮುಂದಿನ ಮಾತು ನಿಮಗೆ ಅನ್ವಯಿಸುತ್ತದೆ. ಟೆಂಪ್ ಫೋಲ್ಡರಿನಲ್ಲಿರುವ, ಅರ್ಥವಿಲ್ಲದ ಅಕ್ಷರಗಳ ಹೆಸರಿನ ಫೈಲಾಗಿದ್ದರೆ ಹಿಂದೆ ಎಂದೋ ಬಂದಿದ್ದ ವೈರಸ್ಸೊಂದರ ಅವಶೇಷವಾಗಿರಬಹುದು, ಆಗ ಮೊದಲು ಪೂರ್ಣ ಸ್ಕ್ಯಾನ್ ಮಾಡಿಸಬೇಕು.

ಬಹುತೇಕ ಪ್ರೋಗ್ರಾಂಗಳು ತಮ್ಮ ಫೋಲ್ಡರಿನೊಳಗೆ ತಾವಿದ್ದುಬಿಡುತ್ತವೆ. ಆಂಟಿವೈರಸ್ ಹಾಗಲ್ಲ. ತೆರೆಯುವ ಪ್ರತಿ ಫೈಲನ್ನೂ ನಡುವೆ ನಿಂತು ಪರೀಕ್ಷಿಸಬೇಕಾದ್ದರಿಂದ ಅದು ವಿಂಡೋಸ್‌ನ ಒಳಪದರಗಳಲ್ಲಿ ಡ್ರೈವರುಗಳೆಂಬ ತನ್ನ ಪುಟ್ಟ ಪ್ರೋಗ್ರಾಂಗಳನ್ನು ಕೂರಿಸುತ್ತದೆ, ನೆಟ್‌ವರ್ಕ್ ಕಾರ್ಡಿಗೆ ಅಂಟಿಕೊಳ್ಳುತ್ತದೆ, ಹಿನ್ನೆಲೆಯಲ್ಲಿ ಸರ್ವಿಸ್‌ಗಳನ್ನು ಓಡಿಸುತ್ತದೆ. ವೈರಸ್ ತನ್ನನ್ನು ಅಳಿಸಬಾರದೆಂದು ಅದು ಕಟ್ಟಿಕೊಂಡಿರುವ ಕಾವಲು ನಿಮ್ಮನ್ನೂ ತಡೆಯಿತು. ಕೆಲವು ಫೈಲುಗಳು ಅಳಿಯದೆ ಉಳಿದದ್ದು ಅದಕ್ಕೇ. ಅಳಿದುಹೋದವುಗಳಲ್ಲಿ ಅದನ್ನು ಕ್ರಮವಾಗಿ ತೆಗೆಯಬಲ್ಲ ಅನ್‌ಇನ್‌ಸ್ಟಾಲರ್ ಕೂಡ ಸೇರಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒತ್ತಿದರೆ ಏನೂ ಆಗದಿರಲು ಇದೇ ಕಾರಣ.

ಆದ್ದರಿಂದ ಪೆಟ್ಟಿಗೆಯನ್ನು ನಿಲ್ಲಿಸುವುದಕ್ಕಿಂತ ಮೊದಲು ಉಳಿದ ಅರ್ಧವನ್ನು ತೆಗೆಯಿರಿ. ಪ್ರಮುಖ ಆಂಟಿವೈರಸ್ ಕಂಪನಿಗಳು ತಮ್ಮ ತಂತ್ರಾಂಶವನ್ನು ಬುಡಸಮೇತ ತೆಗೆಯಲೆಂದೇ ಪ್ರತ್ಯೇಕ ರಿಮೂವಲ್ ಟೂಲ್‌ಗಳನ್ನು ಉಚಿತವಾಗಿ ಕೊಡುತ್ತವೆ: ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್ ಇದೆ, ಮ್ಯಾಕಫಿ, ನಾರ್ಟನ್, ಕ್ಯಾಸ್ಪರ್‌ಸ್ಕಿ, ಇಸೆಟ್‌ಗಳಿಗೂ ಅವುಗಳದೇ ಟೂಲ್‌ಗಳಿವೆ. ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿನ ಕೊಂಡಿಗಳನ್ನು ಒತ್ತಬೇಡಿ. ಟೂಲನ್ನು, ವಿಂಡೋಸ್‌ನ ಅತ್ಯಗತ್ಯ ಭಾಗಗಳಷ್ಟೇ ಏಳುವ ಸೇಫ್ ಮೋಡ್‌ನಲ್ಲಿ ಓಡಿಸಿದರೆ ಆಂಟಿವೈರಸ್‌ನ ಕಾವಲು ಎದ್ದಿರುವುದಿಲ್ಲ, ಫೈಲುಗಳು ತಕರಾರಿಲ್ಲದೆ ಅಳಿಯುತ್ತವೆ. ಟೂಲಿನಿಂದಲೂ ಆಗದಿದ್ದರೆ ಅದೇ ಆಂಟಿವೈರಸ್ಸನ್ನು ಅದೇ ಜಾಗಕ್ಕೆ ಮತ್ತೆ ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಈ ಸಲ ಕಂಟ್ರೋಲ್ ಪ್ಯಾನೆಲ್ ಮೂಲಕ ತೆಗೆಯಿರಿ. ತೆಗೆಯಬೇಕಾದ್ದನ್ನು ಮತ್ತೆ ಹಾಕುವುದು ವಿಚಿತ್ರವೆನಿಸಬಹುದು, ಆದರೆ ಕಳೆದುಹೋದ ಅನ್‌ಇನ್‌ಸ್ಟಾಲರನ್ನು ವಾಪಸು ತರುವ ಸುಲಭದ ದಾರಿ ಇದೇ.

ಇಷ್ಟಾದ ಮೇಲೂ ಪೆಟ್ಟಿಗೆ ಬಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ವಿಭಾಗಕ್ಕೆ ಹೋಗಿ. ಅಲ್ಲಿ ಕಾಲಂಗಳ ತಲೆಬರಹದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಮಾಂಡ್ ಲೈನ್’ ಎಂಬುದನ್ನು ಆರಿಸಿದರೆ ಪ್ರತಿ ನಮೂದಿನ ಪೂರ್ತಿ ವಿಳಾಸ ಕಾಣುತ್ತದೆ. ಫೈಲು ಕಾಣೆಯಾದ ನಮೂದುಗಳು ಎಷ್ಟೋ ಸಲ ಬರೀ ‘ಪ್ರೋಗ್ರಾಂ’ ಎಂಬ ಹೆಸರಿನಲ್ಲಿ, ತಯಾರಕರ ಹೆಸರಿಲ್ಲದೆ, ಬಿಳಿ ಚಿತ್ರವೊಂದರ ಜತೆ ನಿಂತಿರುತ್ತವೆ. ಕಾಗದದಲ್ಲಿ ಬರೆದುಕೊಂಡ ವಿಳಾಸಕ್ಕೆ ಹೊಂದುವುದನ್ನು ಡಿಸೇಬಲ್ ಮಾಡಿ. ಅಲ್ಲಿ ಸಿಗದಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಬೇಕು. ಎರಡನ್ನೂ ಒಂದೇ ಕಡೆ ನೋಡಬೇಕೆಂದರೆ ಮೈಕ್ರೋಸಾಫ್ಟ್‌ನದೇ ಆದ, ಉಚಿತವಾದ ‘ಆಟೋರನ್ಸ್’ ಇದೆ. ಅದು ಫೈಲು ಇಲ್ಲದ ನಮೂದುಗಳನ್ನು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಹಳದಿ ಕಂಡದ್ದನ್ನೆಲ್ಲ ಅಳಿಸಲು ಹೋಗಬೇಡಿ, ಸುಸ್ಥಿತಿಯಲ್ಲಿರುವ ಕಂಪ್ಯೂಟರಿನಲ್ಲೂ ನಾಲ್ಕಾರು ಹಳದಿ ಸಾಲುಗಳಿರುತ್ತವೆ. ನಿಮಗೆ ಬೇಕಾದ ಸಾಲಿನ ಮುಂದಿರುವ ಗುರುತನ್ನು ಮಾತ್ರ ತೆಗೆದು, ಎರಡು ದಿನ ನೋಡಿ, ಆಮೇಲೆ ಅಳಿಸಿ. ಗುರುತು ತೆಗೆದದ್ದನ್ನು ಮತ್ತೆ ಹಾಕಬಹುದು, ಅಳಿಸಿದ್ದನ್ನು ಹಾಗೆ ಮರಳಿ ಪಡೆಯಲಾಗದು.

‘ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಎರರ್ ಮಾಯ’ ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳ ಗೊಡವೆ ಬೇಡ. ಅಂಥ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ.

ಪ್ರಶ್ನೆ: ನಾನು ಆಂಟಿವೈರಸ್ಸನ್ನು ಕ್ರಮವಾಗಿಯೇ ಅನ್‌ಇನ್‌ಸ್ಟಾಲ್ ಮಾಡಿದೆ. ರೀಸ್ಟಾರ್ಟ್ ಮಾಡಿ ಎಂದು ಕೇಳಿದಾಗ ‘ಲೇಟರ್’ ಒತ್ತಿ, ರಾತ್ರಿ ಶಟ್‌ಡೌನ್ ಮಾಡಿ ಮಲಗಿದೆ. ಎರಡು ದಿನ ಸರಿಯಾಗಿತ್ತು. ಮೂರನೆಯ ದಿನ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುವಾಗ ಕರೆಂಟ್ ಹೋಯಿತು. ಈಗ ನೀಲಿ ಪರದೆ ಬರುತ್ತದೆ, ತಾನೇ ಮತ್ತೆ ಆರಂಭವಾಗುತ್ತದೆ, ಮತ್ತೆ ನೀಲಿ ಪರದೆ.
— ಓದುಗರೊಬ್ಬರು, ತುಮಕೂರು

ಉತ್ತರ: ನೀವು ಬರೆದ ವಿವರದಲ್ಲೇ ಕಾರಣದ ಸುಳಿವಿದೆ. ಬಳಕೆಯಲ್ಲಿರುವ ಫೈಲನ್ನು ವಿಂಡೋಸ್ ಅಳಿಸಲಾರದು; ಆದ್ದರಿಂದ ಅನ್‌ಇನ್‌ಸ್ಟಾಲರ್ ಅಂಥ ಫೈಲುಗಳನ್ನು ‘ಮುಂದಿನ ಆರಂಭದಲ್ಲಿ ಅಳಿಸುವುದು’ ಎಂದು ಪಟ್ಟಿ ಮಾಡಿಟ್ಟು ರೀಸ್ಟಾರ್ಟ್ ಕೇಳುತ್ತದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದಲ್ಲಿ, ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನ್ ಅಲ್ಲ: ವಿಂಡೋಸ್‌ನ ತಿರುಳು ಭಾಗವನ್ನು ಡಿಸ್ಕಿಗೆ ಉಳಿಸಿ, ಮರುದಿನ ಅದನ್ನೇ ಎಬ್ಬಿಸಲಾಗುತ್ತದೆ. ಹಾಗಾಗಿ ನೀವು ಮಲಗುವ ಮುನ್ನ ಮಾಡಿದ ಶಟ್‌ಡೌನಿನಿಂದ ಆ ಪಟ್ಟಿಯ ಕೆಲಸ ಮುಗಿಯಲಿಲ್ಲ. ರೀಸ್ಟಾರ್ಟ್ ಒತ್ತಿದ್ದರೆ ಮಾತ್ರ ಮುಗಿಯುತ್ತಿತ್ತು. ಅದು ನಡೆಯುವ ಹೊತ್ತಿಗೆ ಕರೆಂಟ್ ಹೋದದ್ದರಿಂದ ಕೆಲಸ ಅರ್ಧಕ್ಕೆ ನಿಂತು, ಆರಂಭದಲ್ಲೇ ಎದ್ದೇಳುವ ಡ್ರೈವರೊಂದು ಅತ್ತ ಇರದೆ ಇತ್ತ ಹೋಗದೆ ಉಳಿದಿರಬಹುದು. ಅಪ್‌ಡೇಟ್ ಕೂಡ ಅರ್ಧಕ್ಕೆ ನಿಂತಿರುವ ಸಾಧ್ಯತೆ ಇದೆ. ಪರಿಹಾರದ ದಾರಿ ಎರಡಕ್ಕೂ ಒಂದೇ.

ಲೋಗೋ ಕಾಣುತ್ತಿದ್ದಂತೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಕಂಪ್ಯೂಟರನ್ನು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ತಾನೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ ರೀಸ್ಟಾರ್ಟ್ ಒತ್ತಿ, ಮೂಡುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್. ಅದೇ ಪಟ್ಟಿಯ 8ನೆಯ ಆಯ್ಕೆ ನಿಮ್ಮಂಥವರಿಗಾಗಿಯೇ ಇರುವಂತಿದೆ: ಉಳಿದ ಡ್ರೈವರುಗಳಿಗಿಂತ ಮೊದಲೇ ಏಳುವ ಆಂಟಿವೈರಸ್ ಡ್ರೈವರನ್ನು ಅದು ಆ ಒಂದು ಬಾರಿಯ ಮಟ್ಟಿಗೆ ತಡೆಯುತ್ತದೆ. ಎರಡರಲ್ಲಿ ಯಾವುದರಿಂದ ಒಳಗೆ ಹೋಗಲಾದರೂ ಮೇಲೆ ಹೇಳಿದ ರಿಮೂವಲ್ ಟೂಲ್ ಓಡಿಸಿ. ಎರಡೂ ಆಗದಿದ್ದರೆ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿರುವ ಸಿಸ್ಟಂ ರಿಸ್ಟೋರ್‌ನಿಂದ, ಹಿಂದಿನ ಸ್ಥಿತಿಯನ್ನು ಉಳಿಸಿಟ್ಟ ರಿಸ್ಟೋರ್ ಪಾಯಿಂಟ್ ಇದ್ದರೆ, ಅನ್‌ಇನ್‌ಸ್ಟಾಲಿಗೆ ಹಿಂದಿನ ದಿನಕ್ಕೆ ಮರಳಬಹುದು. ನಿಮ್ಮ ಫೋಟೋ, ಕಡತಗಳು ಅದರಿಂದ ಅಳಿಯುವುದಿಲ್ಲ.

ದಾರಿಯಲ್ಲಿ ಒಂದು ಗೇಟು ಎದುರಾಗಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಉಳಿದಿರುತ್ತದೆ. ಮೊಬೈಲಿನಿಂದ ಅದೇ ಖಾತೆಗೆ ಹೋಗಿ ನೋಡಿಕೊಳ್ಳಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದಾಗ, ಪರಿಹಾರ ಸೇಫ್ ಮೋಡಿಗೆ ಹೋಗಿ ಒಂದು ಫೈಲು ಅಳಿಸುವಷ್ಟು ಸರಳವಾಗಿದ್ದರೂ, ಈ ಕೀ ಹುಡುಕುವುದರಲ್ಲೇ ಎಷ್ಟೋ ಕಚೇರಿಗಳ ತಂತ್ರಜ್ಞರು ಹೈರಾಣಾದರು.

ಸೇಫ್ ಮೋಡಿಗೆ ಹೋಗಲು ವಿಂಡೋಸ್‌ನ ಆರಂಭದ ಹೊಂದಾಣಿಕೆ ಬದಲಿಸುವ ‘ಎಂಎಸ್‌ಕಾನ್ಫಿಗ್’ ಬಳಸಿ ಎಂದು ಯಾರಾದರೂ ಹೇಳಿದರೆ ಎಚ್ಚರ. ಅಲ್ಲಿ ಸೇಫ್ ಬೂಟ್‌ಗೆ ಹಾಕಿದ ಗುರುತನ್ನು ನೀವೇ ತೆಗೆಯುವವರೆಗೆ ಕಂಪ್ಯೂಟರ್ ಪ್ರತಿ ಬಾರಿಯೂ ಸೇಫ್ ಮೋಡಿಗೇ ಹೋಗುತ್ತದೆ. ಪಾಸ್‌ವರ್ಡ್ ಮರೆತು ಪಿನ್ನನ್ನೇ ನೆಚ್ಚಿಕೊಂಡವರು ಅಲ್ಲಿ ಲಾಗಿನ್ ಪರದೆಯಲ್ಲೇ ಸಿಕ್ಕಿಬಿದ್ದದ್ದೂ ಉಂಟು.

ಪ್ರಶ್ನೆ: ಆಂಟಿವೈರಸ್ ತೆಗೆದ ಮೇಲೆ, ವಿಂಡೋಸ್ ಜತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ತಾನೇ ಚಾಲೂ ಆಗುತ್ತದೆ ಎನ್ನುತ್ತಾರೆ. ನನ್ನದರಲ್ಲಿ ಆಗಿಲ್ಲ. ಏಕೆ?
— ಓದುಗರೊಬ್ಬರು, ಪುತ್ತೂರು

ಉತ್ತರ: ಬೇರೆ ಆಂಟಿವೈರಸ್ ಕಾವಲಿಗಿದೆ ಎಂದು ತಿಳಿದರೆ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ. ಹಳೆಯದರ ಹೆಸರು ವಿಂಡೋಸ್ ಸೆಕ್ಯುರಿಟಿಯ ದಾಖಲೆಯಲ್ಲಿ ಉಳಿದುಬಿಟ್ಟಿದ್ದರೆ, ಆ ಕಾವಲುಗಾರ ಈಗ ಇಲ್ಲವೆಂಬುದು ಅದಕ್ಕೆ ಗೊತ್ತಾಗುವುದಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು, ಸೆಟ್ಟಿಂಗ್ಸ್ ಒಳಗಿನ ‘ಮ್ಯಾನೇಜ್ ಪ್ರೊವೈಡರ್ಸ್’ನಲ್ಲಿ ಹಳೆಯ ಹೆಸರು ಇದೆಯೇ ನೋಡಿ. ಇದ್ದರೆ ಆ ಕಂಪನಿಯ ರಿಮೂವಲ್ ಟೂಲ್ ಓಡಿಸಿ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್.