ಖರ್ಚು ಉಳಿಸಲು ಡೀಸೆಲ್ ಎಸ್‌ಯುವಿ ಮಾರಿ ಸಣ್ಣ ಕಾರು ಕೊಳ್ಳುವುದು ಲಾಭವೇ?

ಬೆಂಗಳೂರಿನಲ್ಲಿ 2020ರ ಮಾದರಿಯ 2.2 ಲೀಟರ್ ಡೀಸೆಲ್ ಎಸ್‌ಯುವಿ ಓಡಿಸುತ್ತಿದ್ದೀರಿ. ವರ್ಷಕ್ಕೆ ಸುಮಾರು 12,000 ಕಿ.ಮೀ., ಬಹುಪಾಲು ಮನೆ ಮತ್ತು ಕಚೇರಿಯ ನಡುವಿನ ಓಡಾಟ. ಲೀಟರಿಗೆ 10 ಕಿ.ಮೀ. ಸಿಗುತ್ತಿದೆ, ಸಾಲ ತೀರಿದೆ, ಡೀಲರ್ ಒಬ್ಬರು 9 ಲಕ್ಷಕ್ಕೆ ಎಕ್ಸ್‌ಚೇಂಜ್ ಮಾಡಿಕೊಂಡು 8 ಲಕ್ಷ ಎಕ್ಸ್-ಶೋರೂಂ ಬೆಲೆಯ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) ಹೊಸ ಸಣ್ಣ ಕಾರು ಕೊಡುವುದಾಗಿ ಹೇಳಿದ್ದಾರೆ. ಇದು ಲಾಭವೇ ಎಂಬುದು ನಿಮ್ಮ ಪ್ರಶ್ನೆ. ಎಸ್‌ಯುವಿ ಮಾರುವುದು ಸರಿಯಾದ ತೀರ್ಮಾನ, ಆದರೆ ಆ ಹಣವನ್ನೆಲ್ಲ ಹೊಸ ಕಾರಿಗೆ ಸುರಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲಿಯೂ ಏಳು ಸೀಟಿನ ಡೀಸೆಲ್ ಗಾಡಿಯನ್ನು ಮಾರಿ, ಒಬ್ಬರೇ ಮಾಲೀಕರ ಕೈಯಲ್ಲಿದ್ದ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಂದೆವು. ಹಾಗಾಗಿ ಈ ಲೆಕ್ಕವನ್ನು ನಾನು ನಮ್ಮ ಮನೆಗಾಗಿಯೇ ಕೂತು ಹಾಕಿದವನು.

ಮೊದಲು ಇಂಧನ. ಮೈಲೇಜ್ ಅಂಕಿಯನ್ನು ನೋಡಿ ಉಳಿತಾಯವನ್ನು ಅಂದಾಜು ಮಾಡುವಾಗ ಬಹಳ ಜನ ದಾರಿ ತಪ್ಪುತ್ತಾರೆ. 12,000 ಕಿ.ಮೀ.ಗೆ ಲೀಟರಿಗೆ 10ರಂತೆ 1,200 ಲೀಟರ್ ಬೇಕು, 15ರಂತೆ 800, 20ರಂತೆ 600, 25ರಂತೆ 480. ಅಂದರೆ 10ರಿಂದ 15ಕ್ಕೆ ಹೋದಾಗ 400 ಲೀಟರ್ ಉಳಿಯುತ್ತದೆ. 20ರಿಂದ 25ಕ್ಕೆ ಹೋದಾಗ ಉಳಿಯುವುದು 120 ಲೀಟರ್ ಮಾತ್ರ. ಆದ್ದರಿಂದ ನಿಮ್ಮ ಈಗಿನ ಗಾಡಿಯನ್ನು ಬಿಟ್ಟು ಯಾವ ಸಾಧಾರಣ ಸಣ್ಣ ಕಾರಿಗೆ ಬಂದರೂ ಉಳಿತಾಯದ ದೊಡ್ಡ ಪಾಲು ಕೈಗೆ ಬಂದಿರುತ್ತದೆ. ಅದರ ಮೇಲೆ ಇನ್ನೆರಡು ಕಿ.ಮೀ. ಹೆಚ್ಚು ಕೊಡುವ ಕಾರಿಗಾಗಿ ಲಕ್ಷಗಟ್ಟಲೆ ಹೆಚ್ಚು ತೆರುವುದರಲ್ಲಿ ಅರ್ಥವಿಲ್ಲ. ಲೆಕ್ಕಕ್ಕೆ ಡೀಸೆಲ್ 90, ಪೆಟ್ರೋಲ್ 100 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಈಗಿನ ಖರ್ಚು ವರ್ಷಕ್ಕೆ 1,08,000 ರೂಪಾಯಿ. ನಗರದ ದಟ್ಟಣೆಯಲ್ಲಿ 15 ಕೊಡುವ ಪೆಟ್ರೋಲ್ ಕಾರಿಗೆ 80,000. ಕಂಪನಿ ಪ್ರಕಟಿಸುವ 24–25ರ ಅಂಕಿಯನ್ನು ಈ ಲೆಕ್ಕಕ್ಕೆ ತರಬೇಡಿ. ಅದು ಪ್ರಯೋಗಾಲಯದ ಪರೀಕ್ಷೆಯದು, ಸಿಲ್ಕ್ ಬೋರ್ಡಿನ ಸಿಗ್ನಲ್ಲಿನದಲ್ಲ.

ಸಿಎನ್‌ಜಿಯ ಬಗ್ಗೆಯೂ ಕೇಳಿದ್ದೀರಿ. ಕೆಜಿಗೆ 22 ಕಿ.ಮೀ. ಸಿಕ್ಕಿ, ಕೆಜಿಗೆ 90 ರೂಪಾಯಿ ಇದ್ದರೆ ವರ್ಷಕ್ಕೆ ಸುಮಾರು 49,000 ಆಗುತ್ತದೆ. ಪೆಟ್ರೋಲಿಗಿಂತ 31,000 ಕಡಿಮೆ ಎಂಬುದೇನೋ ನಿಜ, ಆದರೆ ಹೊಸ ಕಾರಿನಲ್ಲಿ ಸಿಎನ್‌ಜಿ ಮಾದರಿಗೆ ಲಕ್ಷದ ಆಸುಪಾಸು ಹೆಚ್ಚು ಕೊಡಬೇಕಾಗುವುದರಿಂದ ಮೂರು ವರ್ಷ ಓಡಿಸಿದ ಮೇಲಷ್ಟೇ ಲಾಭ ಆರಂಭ. ಸಿಲಿಂಡರಿನ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ಕಡ್ಡಾಯ. ಡಿಕ್ಕಿಯ ಜಾಗವೂ ಬಹಳಷ್ಟು ಹೋಗುತ್ತದೆ. ನಿಮ್ಮ ದಾರಿಯಲ್ಲೇ ಬಂಕ್ ಇದ್ದು, ಸರತಿಯಲ್ಲಿ ನಿಲ್ಲುವ ವ್ಯವಧಾನವಿದ್ದರೆ ಮಾತ್ರ ಯೋಚಿಸಿ.

ನಿಮ್ಮದು ಬಿಎಸ್6 (ಹೊಗೆಯ ಮಾಲಿನ್ಯದ ಮಾನದಂಡ) ಡೀಸೆಲ್ ಆಗಿರುವುದರಿಂದ ಇನ್ನೊಂದು ವಿಷಯವಿದೆ, ಮತ್ತು ಮಾರುವುದಕ್ಕೆ ಇದೇ ಹೆಚ್ಚು ಬಲವಾದ ಕಾರಣವೆಂದು ನನಗನ್ನಿಸುತ್ತದೆ. ಇಂಥ ಎಂಜಿನ್‌ಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಿ ಹೊಗೆ ಸಾಕಷ್ಟು ಬಿಸಿಯಾದಾಗ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ದಿನವೂ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಗೆ ಆ ಅವಕಾಶವೇ ಸಿಗದೆ ಫಿಲ್ಟರ್ ಕಟ್ಟಿಕೊಂಡು, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಅದನ್ನು ಕಡೆಗಣಿಸಿ ಓಡಿಸುತ್ತಲೇ ಇದ್ದರೆ ಫಿಲ್ಟರನ್ನೇ ಬದಲಿಸುವ ಪ್ರಸಂಗ ಬರಬಹುದು, ಅದು ದುಬಾರಿ ಕೆಲಸ. ವಾರಕ್ಕೊಮ್ಮೆ ಹಾಸನಕ್ಕೋ ಹುಬ್ಬಳ್ಳಿಗೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವವರಾಗಿದ್ದರೆ ನಿಮ್ಮ ಗಾಡಿಯನ್ನೇ ಇಟ್ಟುಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ಓಡಾಟ ಅಂಥದ್ದಲ್ಲ.

ವಿಮೆಯಲ್ಲೂ ವ್ಯತ್ಯಾಸವಿದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ ಥರ್ಡ್ ಪಾರ್ಟಿ (ಬೇರೆಯವರಿಗಾಗುವ ಹಾನಿಯ ವಿಮೆ) ಕಂತು 1,500 ಸಿಸಿ ಮೀರಿದ ಕಾರಿಗೆ 7,897 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416, ಅದಕ್ಕಿಂತ ಚಿಕ್ಕದಕ್ಕೆ 2,094. ಟೈರು, ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್ ಎಲ್ಲವೂ ಸಣ್ಣ ಕಾರಿಗೆ ಅಗ್ಗ.

ಈಗ ಡೀಲರ್ ಹೇಳಿದ ಹೊಸ ಕಾರಿನ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದು ನಿಜ. ಆದರೂ ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 14ರ ಲೈಫ್ ಟ್ಯಾಕ್ಸ್ (ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ), ಅದರ ಮೇಲೆ ಸೆಸ್ ಇರುವುದರಿಂದ, 8 ಲಕ್ಷದ ಕಾರಿಗೆ ತೆರಿಗೆಯೇ 1.2 ಲಕ್ಷ ದಾಟುತ್ತದೆ. ವಿಮೆಯೂ ಸೇರಿದರೆ ನಿಮ್ಮ 9 ಲಕ್ಷ ಸಾಲುವುದಿಲ್ಲ, ಕೈಯಿಂದ ಹಾಕಬೇಕಾಗುತ್ತದೆ. ಮೌಲ್ಯ ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ವಿಮೆಯ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟುವ ಬೆಲೆ) ಪಟ್ಟಿಯೇ ಒಂದು ಅಳತೆ: ಹೊಸ ಬೆಲೆಯಲ್ಲಿ ಒಟ್ಟು ಎರಡನೆಯ ವರ್ಷದಲ್ಲಿ ಶೇ 20, ಐದನೆಯ ವರ್ಷದಲ್ಲಿ ಶೇ 50 ಕಡಿತ. ಮಾರುಕಟ್ಟೆಯಲ್ಲಿ ಮಾರುತಿ, ಟೊಯೊಟಾಗಳಂಥವು ಇದಕ್ಕಿಂತ ಚೆನ್ನಾಗಿ ಬೆಲೆ ಉಳಿಸಿಕೊಳ್ಳುತ್ತವೆಯಾದರೂ, ಇಂಧನದಲ್ಲಿ ವರ್ಷಕ್ಕೆ 28,000 ಉಳಿಸಲು ಹೋಗಿ ಮೊದಲೆರಡು ವರ್ಷದಲ್ಲೇ ಅದರ ಹಲವು ಪಟ್ಟು ಕಳೆದುಕೊಂಡಂತಾಗುತ್ತದೆ. ಬದಲಿಗೆ 5 ಲಕ್ಷದೊಳಗೆ ನಾಲ್ಕೈದು ವರ್ಷದ ಹ್ಯಾಚ್‌ಬ್ಯಾಕ್ ಕೊಂಡರೆ ಟ್ಯಾಕ್ಸ್ ಆಗಲೇ ಕಟ್ಟಿರುತ್ತದೆ, 4 ಲಕ್ಷ ನಿಮ್ಮ ಕೈಯಲ್ಲೇ ಉಳಿಯುತ್ತದೆ, ಶೇ 6.5ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 26,000 ಬಡ್ಡಿ. ಇಂಧನದ ಉಳಿತಾಯದಷ್ಟೇ ಇನ್ನೊಂದು ಉಳಿತಾಯ ಇದರಲ್ಲಿದೆ.

ಗಾಡಿ ನೋಡಲು ಹೋದಾಗ ಮೇಲಿನ ಪಾಲಿಶಿಗೆ ಮರುಳಾಗಬೇಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆಯಿದ್ದರೆ ಗಾಡಿ ನೀರಿನಲ್ಲಿ ಮುಳುಗಿತ್ತೆಂದೇ ಅರ್ಥ, ಬೆಂಗಳೂರಿನಲ್ಲಿ 2022ರ ಮಳೆಯ ನಂತರ ಇದನ್ನು ನೋಡದೆ ಯಾರೂ ಕೊಳ್ಳಬಾರದು. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಹೊರತೆಗೆದು, ಅದರ ಕೆಳಗಿನ ಗುಳಿಯಲ್ಲಿ ತುಕ್ಕು ಅಥವಾ ಬೆಸುಗೆಯ ಗುರುತಿದೆಯೇ ಪರೀಕ್ಷಿಸಿ. ಟೈರಿನ ಪಕ್ಕದ ನಾಲ್ಕಂಕಿಯ ಗುರುತು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. 2321 ಎಂದಿದ್ದರೆ 2021ರ 23ನೆಯ ವಾರ. ಮೀಟರ್ 25,000 ತೋರಿಸುವ ಕಾರಿನ ನಾಲ್ಕೂ ಟೈರು ಬದಲಾಗಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿರಬಹುದು, ಸರ್ವಿಸ್ ದಾಖಲೆ ಕೇಳಿ. ದೆಹಲಿಯಿಂದ ಬರುವ ಅಗ್ಗದ ಗಾಡಿಗಳಿಗೆ ಇಲ್ಲಿನ ಲೈಫ್ ಟ್ಯಾಕ್ಸನ್ನು ಬೇರೆಯಾಗಿ ಕಟ್ಟಬೇಕಾಗುವುದರಿಂದ ಆ ಅಗ್ಗ ಉಳಿಯುವುದಿಲ್ಲ.

ಎಸ್‌ಯುವಿ ಮಾರುವ ಮುನ್ನ ಫಾರಂ 35ರ ಮೂಲಕ ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ಬ್ಯಾಂಕಿನ ಹೆಸರನ್ನು ತೆಗೆಸಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿಕೊಟ್ಟು ಸುಮ್ಮನಾಗದೆ, ಕೊಂಡವರ ಹೆಸರಿಗೆ ಆರ್‌ಸಿ ಬದಲಾಗುವವರೆಗೆ ಬೆನ್ನು ಹತ್ತಿ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಅದರ ಪ್ರಮಾಣಪತ್ರ ಪಡೆದುಕೊಂಡರೆ, ನೀವು ಕೊಳ್ಳುವ ಸಣ್ಣ ಕಾರಿನ ಓನ್ ಡ್ಯಾಮೇಜ್ (ಸ್ವಂತ ಗಾಡಿಗಾಗುವ ಹಾನಿಯ ವಿಮೆ) ಕಂತಿನಲ್ಲಿ ಶೇ 50ರವರೆಗೆ ರಿಯಾಯಿತಿ ಸಿಗುತ್ತದೆ.