ತಂಗಿಯ ಓದು ನಿಲ್ಲಿಸಿ ಬರಬೇಡ

ತಮ್ಮಾ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ ಅಂತ ಬರೆದಿದ್ದೀಯ. ನಿಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನೀನೇ ಅಂತೆ. ತುಂಬಾ ಖುಷಿಯಾಯಿತು ಕಣಪ್ಪಾ. ಪಾರ್ಟ್‌ಟೈಮ್ ದುಡಿದು ಮೊದಲ ತಿಂಗಳಿಂದಲೇ ಊರಿಗೆ ದುಡ್ಡು ಕಳಿಸಬಹುದಾ ಅಂತ ಕೇಳಿದ್ದೀಯ. ತಂಗಿ ಪಿಯುಸಿಗೇ ಓದು ನಿಲ್ಲಿಸಿ, ಒಂದು ವರ್ಷ ಕೆಲಸಕ್ಕೆ ಹೋಗ್ತೀನಿ ಅಂತಾಳೆ ಅಂತಲೂ ಬರೆದಿದ್ದೀಯ.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ಕಳಿಸೋಕೆ ಆಗಲ್ಲ. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಟ್ಟಿಗೆ ತೆಗೆಯೋಕೆ ಆಗದ ಖಾತೆಯಲ್ಲಿ, ಇಡುವ 11,904 ಯೂರೊ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಬಾಡಿಗೆ, ಹೆಲ್ತ್ ಇನ್ಶೂರೆನ್ಸ್ ಕಳೆದರೆ ಉಳಿಯುವುದು ಊಟಕ್ಕೆ ಅಷ್ಟೇ. ಸ್ಟುಟ್‌ಗಾರ್ಟ್ ಇರುವ ಈ ರಾಜ್ಯದಲ್ಲಿ ಯುರೋಪಿನ ಆಚೆಯಿಂದ ಬರುವ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಫೀಸೂ ಇದೆ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಪಾಠದ ಜೊತೆ ಹೆಜ್ಜೆ ಹಾಕುವುದೇ ಕಷ್ಟ. ಚಳಿ ತಾನಾಗೇ ರೂಢಿಯಾಗುತ್ತದೆ. ಸಾರಿನ ಪುಡಿ ಮಾತ್ರ ಜಾಸ್ತಿನೇ ತಾ.

ತಂಗಿ ವಿಷಯಕ್ಕೆ ಬರುತ್ತೇನೆ. ನಾನೂ ನಿಮ್ಮ ಕಡೆಯವನೇ, ಮದ್ದೂರು ತಾಲ್ಲೂಕು. 2012ರಲ್ಲಿ ಇಲ್ಲಿಗೆ ಬಂದಾಗ ವಿಮಾನದ ಟಿಕೆಟ್ ಆಗಿದ್ದು ನಮ್ಮಕ್ಕನ ಪಿಎಫ್ ದುಡ್ಡಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ನನ್ನ ಫೀಸಿಗೆ ಅಂತ ಗಾರ್ಮೆಂಟ್ಸ್ ಸೇರಿದ್ದಳು. ಬೆಳಗ್ಗೆ ವ್ಯಾನು ಹಾರ್ನ್ ಹೊಡೆಯುವಾಗ ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು, ಡಬ್ಬಿ ಮುಚ್ಚುತ್ತಲೇ ಓಡುತ್ತಿದ್ದಳು. ಪಿಎಫ್ ಪೂರ್ತಿ ಕೈಗೆ ಬರಬೇಕಾದರೆ ಕೆಲಸ ಬಿಡಬೇಕಿತ್ತು. ಬಿಟ್ಟಳು. ಆಮೇಲೆ ಬೇರೆ ಫ್ಯಾಕ್ಟರಿಯಲ್ಲಿ ಹೊಸಬರ ಸಂಬಳಕ್ಕೆ ಮತ್ತೆ ಸೇರಿದಳು. 2016ರಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ರಸ್ತೆಗಿಳಿದರಲ್ವಾ, ಅವರ ಸಿಟ್ಟು ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟು ಮಕ್ಕಳ, ತಮ್ಮಂದಿರ ಫೀಸು ಆ ದುಡ್ಡಲ್ಲಿತ್ತೋ.

ನನಗೆ ಕೆಲಸ ಸಿಕ್ಕ ಮೇಲೆ ಸಾಲ ತೀರಿತು. ಊರಿನ ಮನೆಗೆ ತಾರಸಿ ಬಿತ್ತು. ಅಕ್ಕನಿಗೆ ಅಷ್ಟರಲ್ಲಿ ಮದುವೆಯಾಗಿ ಇಬ್ಬರು ಮಕ್ಕಳು. ಈಗ ಓದು, ಫೀಸು ನಾನು ಕಟ್ಟುತ್ತೇನೆ ಅಂದರೆ "ಹೋಗೋ, ಈಗ್ಯಾಕೋ ನಂಗೆ" ಅಂತಾಳೆ. ಊರಲ್ಲಿ ಎಲ್ಲರೂ ನನ್ನನ್ನು ಬುದ್ಧಿವಂತ ಅಂತಾರೆ. ಲೆಕ್ಕದಲ್ಲಿ ಅವಳೇ ನನಗಿಂತ ಚುರುಕು. ಇವತ್ತಿಗೂ ಇದು ನನಗೆ ನುಂಗಲಾರದ ತುತ್ತು.

"ಒಂದು ವರ್ಷ ಅಷ್ಟೇ" ಅಂತ ನಮ್ಮಕ್ಕನೂ ಅಂದಿದ್ದಳು. ನಿನ್ನ ತಂಗಿಯ ಮಾತಿಗೆ ಹೂಂ ಅನ್ನಬೇಡ. ಸರ್ಕಾರಿ ಡಿಗ್ರಿ ಕಾಲೇಜಿನ ಖರ್ಚು ನಿನ್ನ ಎಜುಕೇಷನ್ ಲೋನ್ ಮುಂದೆ ಏನೂ ಅಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜೂ ಇಲ್ಲ. ನೀನು ಹೊರಡುವ ಮುಂಚೆ ಅವಳ ಜೊತೆ ಹೋಗಿ ಅಡ್ಮಿಷನ್ ಮಾಡಿಸು. ಅಪ್ಪ ಅಮ್ಮನಿಗೆ ಕೂತು ಬಿಡಿಸಿ ಹೇಳು, ಎರಡು ವರ್ಷ ನನ್ನಿಂದ ದುಡ್ಡು ಬರಲ್ಲ ಅಂತ. ಇಷ್ಟು ವರ್ಷ ಓದಿಸಿದವರು, ಕಾಯುತ್ತಾರೆ. ಇಲ್ಲಿಗೆ ಬಂದ ದಿನ ಫೋನ್ ಮಾಡು. ರೂಮ್ ಸಿಗುವವರೆಗೆ ನಮ್ಮನೆಯಲ್ಲೇ ಇರು.